ಪುಷ್ಯರಥವೂ ನಿತ್ಯದ ದಾರಿಯೂ

ಗುಬ್ಬಿಯ ಚನ್ನಬಸವೇಶ್ವರಸ್ವಾಮಿಯ ರಥೋತ್ಸವವು ಮುಗಿದ ಮುಂದಿನ ಭಾನುವಾರ ಬೆಳಗ್ಗೆ, ನಿಟ್ಟೂರಿನ ನಮ್ಮ ಮನೆಯ ಜಗಲಿಯ ಮೇಲೆ ನಾವು ಕುಳಿತಿದ್ದಾಗ ಹಳೆಯ ಶಿಷ್ಯನೊಬ್ಬನು ಬಂದು ನಮಸ್ಕರಿಸಿದನು. ಈತನು ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರು ಕಾರ್ಖಾನೆಯಲ್ಲಿ ಫಿಟ್ಟರು. ವಯಸ್ಸು ಇಪ್ಪತ್ತೊಂಬತ್ತು. ಮನೆಯಲ್ಲಿ ತಾಯಿ, ಹೆಂಡತಿ ಮತ್ತು ತಾನು; ತಂದೆಯವರು ತೀರಿಕೊಂಡು ಮೂರು ವರ್ಷಗಳಾದುವು. ಪಾಠಶಾಲೆಯಲ್ಲಿ ಸಂಧಿ ಬಿಡಿಸುವುದರಲ್ಲಿ ಸದಾ ತಪ್ಪುತ್ತಿದ್ದರೂ, ಯಾರ ಸೈಕಲ್ಲು ಕೆಟ್ಟರೂ ಬಿಚ್ಚಿ ಜೋಡಿಸಿ ಸರಿಮಾಡಿಕೊಡುತ್ತಿದ್ದ ಹುಡುಗನೆಂದು ನಮಗೆ ನೆನಪು. ಕುಶಲಪ್ರಶ್ನೆಗಳಾದ ಮೇಲೆ ಆತನು ಜೇಬಿನಿಂದ ಫೋನನ್ನು ತೆಗೆದು ಒಂದು ಚಿತ್ರವನ್ನು ತೋರಿಸಿದನು. ಕೆಂಪು ಬಣ್ಣದ, ನೆಲಕ್ಕೆ ತಗ್ಗಿದ, ಎರಡೇ ಆಸನಗಳುಳ್ಳ, ಮೇಲ್ಚಾವಣಿಯಿಲ್ಲದ ಒಂದು ಮೋಟಾರುಕಾರು.

"ಮೇಷ್ಟ್ರೇ, ಬೆಂಗಳೂರಿನಲ್ಲಿ ಮಾರಾಟಕ್ಕಿದೆ. ಸೆಕೆಂಡ್ ಹ್ಯಾಂಡು, ಮೂರೂವರೆ ಲಕ್ಷ ಹೇಳ್ತಾರೆ. ದಿನಾ ಫ್ಯಾಕ್ಟರಿಗೆ ಇದರಲ್ಲೇ ಹೋಗಿಬರಬೇಕು ಅಂತ ಆಸೆ. ಅಮ್ಮ ನಿಮ್ಮನ್ನು ಒಂದು ಮಾತು ಕೇಳು ಅಂದರು" ಎಂದನು.

ಹೆಲಿಕಾಪ್ಟರಿನ ಅಂಗಾಂಗಗಳನ್ನು ಜೋಡಿಸತಕ್ಕವನಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಾವು ಎಂಜಿನಿನ ವಿಷಯವನ್ನು ಏನು ತಾನೆ ಹೇಳಬಲ್ಲೆವು? ಆದರೆ ಆ ತಾಯಿಯು ಕೇಳಿಸಿದುದು ಎಂಜಿನಿನ ಪ್ರಶ್ನೆಯಲ್ಲ, ಸಂಸಾರದ ಪ್ರಶ್ನೆ. ಬೇರೊಬ್ಬರು ಓಡಿಸಿದ ವಾಹನವನ್ನು ಕೊಳ್ಳುವ ಪ್ರಸಂಗವು ಈಗ ಬಹುಪಾಲು ಮನೆಗಳಲ್ಲಿ ಒಂದಲ್ಲ ಒಂದು ದಿನ ಬರತಕ್ಕದ್ದೇ ಆಗಿರುವುದರಿಂದ, ಈ ತಿಂಗಳು ಆ ಸಂಗತಿಯನ್ನೇ ವಾಚಕರ ಮುಂದೆ ಇಡುತ್ತೇವೆ.

ವಾಹನಗಳೆಲ್ಲವೂ ಒಂದೇ ಎಂಬ ಭ್ರಮೆಯು ನಮ್ಮ ಹಿಂದಿನವರಿಗೆ ಇರಲಿಲ್ಲ. ಅಮರಸಿಂಹನು ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ಯುದ್ಧದ ತೇರಿಗೆ ಸ್ಯಂದನ, ಶತಾಂಗ ಎಂಬ ಹೆಸರುಗಳನ್ನು ಹೇಳಿ, ಯುದ್ಧಕ್ಕಲ್ಲದ ತೇರಿಗೆ ಪುಷ್ಯರಥವೆಂಬ ಬೇರೆಯ ಹೆಸರನ್ನು ಕೊಟ್ಟಿದ್ದಾನೆ. ಅದು ವಿಹಾರಕ್ಕೂ ಉತ್ಸವಕ್ಕೂ ಇಟ್ಟುಕೊಂಡದ್ದೆಂದು ಅರ್ಥ ಹೇಳುವುದು ರೂಢಿ. ಮುಸುಕಿನ ಬಂಡಿಯು ಕರ್ಣೀರಥ. ಸಾಮಾನು ಹೇರುವುದು ಶಕಟ. ಅಷ್ಟಕ್ಕೇ ನಿಲ್ಲಿಸದೆ, ಕಂಬಳಿಯನ್ನು ಹೊದಿಸಿದ ತೇರನ್ನು ಕಾಂಬಲವೆಂದೂ ಬಟ್ಟೆಯನ್ನು ಹೊದಿಸಿದುದನ್ನು ವಾಸ್ತ್ರವೆಂದೂ ವಿಂಗಡಿಸಿದ್ದಾನೆ. ನಮ್ಮ ಶಿಷ್ಯನು ತೋರಿಸಿದ ಕಾರಿನ ಹಿಂಭಾಗದಲ್ಲಿ ಬಟ್ಟೆಯ ಹುಡ್ಡು ಮಡಿಸಿಕೊಂಡಿದ್ದುದರಿಂದ ಅದು ವಾಸ್ತ್ರವೂ ಹೌದು, ಪುಷ್ಯರಥವೂ ಹೌದು. ಪುಷ್ಯರಥವನ್ನು ನಿತ್ಯದ ದಾರಿಗೆ ಹೂಡಬಹುದೆ ಎಂಬುದೇ ವಿಚಾರ.

ಮೋಟಾರುಕಾರು ಹುಟ್ಟಿದ ಕಾಲದಲ್ಲಿ ಬಹುಮಟ್ಟಿಗೆ ಎಲ್ಲವೂ ವಾಸ್ತ್ರಗಳೇ ಆಗಿದ್ದುವು. ಗಾಳಿ, ಧೂಳು, ಮಳೆಗಳನ್ನು ಸಹಿಸುವುದು ಸವಾರಿಯ ಒಂದು ಭಾಗವೆಂದೇ ಜನರು ಎಣಿಸಿದ್ದರು. ೧೯೨೦ರ ದಶಕದ ನಡುವಿನ ಹೊತ್ತಿಗೆ ಅಮೆರಿಕೆಯಲ್ಲಿ ಮುಚ್ಚಿದ ಕಾರುಗಳ ಮಾರಾಟವು ತೆರೆದ ಕಾರುಗಳದನ್ನು ಮೀರಿತು; ಅಲ್ಲಿಂದ ಮುಂದೆ ತೆರೆದ ಕಾರು ಅಗತ್ಯವಾಗಿರುವುದು ಹೋಗಿ ಆನಂದವಾಯಿತು. ಅನಂತರ ಕಾರಿನ ದೇಹರಚನೆಯೇ ಬದಲಾಯಿತು. ಮೊದಲು ಕೆಳಗಿನ ಚೌಕಟ್ಟೇ ಭಾರವನ್ನೆಲ್ಲಾ ಹೊರುತ್ತಿತ್ತು, ಮೇಲಿನದು ಕೇವಲ ಹೊದಿಕೆ. ಈಗಿನ ಬಹುಪಾಲು ಕಾರುಗಳಲ್ಲಿ ನೆಲ, ಕಂಬ, ಚಾವಣಿಗಳೆಲ್ಲಾ ಒಂದಾಗಿ ಪೆಟ್ಟಿಗೆಯಂತೆ ಬಲವನ್ನು ಹಂಚಿಕೊಳ್ಳುತ್ತವೆ. ಪೆಟ್ಟಿಗೆಯ ಮುಚ್ಚಳವನ್ನು ತೆಗೆದರೆ ಉಳಿದುದು ತಿರುಚಿಕೊಳ್ಳುವುದಷ್ಟೆ. ಆದಕಾರಣ ತೆರೆದ ಕಾರನ್ನು ಮಾಡತಕ್ಕವರು ನೆಲದ ಕೆಳಗೆ ಹೆಚ್ಚಿನ ಉಕ್ಕನ್ನು ಕೊಟ್ಟು ಆ ನಷ್ಟವನ್ನು ತುಂಬಬೇಕಾಗುತ್ತದೆ. ಮದರಾಸಿನಲ್ಲಿ ೧೯೬೧ರಿಂದ ಸುಮಾರು ಹತ್ತು ವರ್ಷ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಹಳೆಯ ಕ್ರಮದ ಪ್ರತ್ಯೇಕ ಚೌಕಟ್ಟಿದ್ದಿತು. ಅದರ ಚಾವಣಿಯನ್ನು ತೆಗೆದು ತೆರೆದ ಕಾರು ಮಾಡಿಕೊಂಡವರುಂಟು. ಈಗಿನ ಕಾರಿನ ಮೇಲೆ ಗ್ಯಾರೇಜಿನವರು ಹಾಗೆ ಗರಗಸ ಹಾಕಿದರೆ ಅದು ಅಪಾಯ. ಅಲ್ಲದೆ ತಯಾರಕನ ವಿವರಣೆಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು ನಿಷೇಧಿಸಿದೆ. ಕೊಳ್ಳುವವನು ಮೊದಲು ಕೇಳಬೇಕಾದುದು ಇದನ್ನೇ: ಈ ಕಾರು ತೆರೆದುಕೊಂಡೇ ಹುಟ್ಟಿತೆ, ಇಲ್ಲವೆ ನಡುವೆ ಯಾರಾದರೂ ತೆರೆದರೆ?

ಶಿಷ್ಯನು ತೋರಿಸಿದ ಕಾರಾದರೋ ತೆರೆದೇ ಹುಟ್ಟಿದುದು, ಅದರ ಮೂಲವೂ ನಮ್ಮ ನಾಡಿನದೇ. ರೈಲು ಎಂಜಿನುಗಳನ್ನು ನಿರ್ಮಿಸುವ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಸಂಸ್ಥೆಗೆ ಸೇರಿದ ಸ್ಯಾನ್ ಮೋಟಾರ್ಸ್‌ನವರು ೧೯೯೮ರಲ್ಲಿ 'ಸ್ಟಾರ್ಮ್' ಎಂಬ ಹೆಸರಿನಿಂದ ಎರಡು ಆಸನಗಳ ತೆರೆದ ಕಾರನ್ನು ಹೊರತಂದರು. ಮೈ ಫೈಬರಿನದು, ಎಂಜಿನು ಫ್ರಾನ್ಸಿನ ರೆನೊ ಸಂಸ್ಥೆಯ ೧೧೪೯ ಸಿ.ಸಿ.ಯದು, ಶಕ್ತಿಯು ಸುಮಾರು ೬೦ ಕುದುರೆಗಳಷ್ಟು. ಜಪಾನಿನ ಮಾಜ್ದಾದವರು ೧೯೮೯ರಲ್ಲಿ ಎಂ.ಎಕ್ಸ್.-೫ ಎಂಬ ಪುಟ್ಟ ತೆರೆದ ಕಾರನ್ನು ಹೊರಡಿಸಿ ಲೋಕದಲ್ಲೆಲ್ಲಾ ಈ ಆಸೆಯನ್ನು ಮತ್ತೆ ಚಿಗುರಿಸಿದ್ದರಷ್ಟೆ. ಆ ಆಸೆಗೆ ನಮ್ಮವರು ಕೊಟ್ಟ ಉತ್ತರವಿದು. ಸ್ಟಾರ್ಮ್ ಈಗ ತಯಾರಾಗುತ್ತಿಲ್ಲ. ರಸ್ತೆಯಲ್ಲಿ ಕಂಡವರು ನಿಂತು ನೋಡುವಷ್ಟು ವಿರಳ. ಆ ವಿರಳತೆಯೇ ಹುಡುಗನ ಮನಸ್ಸನ್ನು ಸೆಳೆದುದು. ಆ ವಿರಳತೆಯೇ ನಮ್ಮನ್ನು ಹೆದರಿಸಿದುದು.

ಹೆದರಿಕೆಗೆ ಸ್ವಂತದ ಕಾರಣವೊಂದುಂಟು. ಸುಮಾರು ೧೯೯೩ರಲ್ಲಿ, ನೌಕರಿ ಸಿಕ್ಕಿದ ಹೊಸತರಲ್ಲಿ, ನಾವು ಮೂವರ ಕೈದಾಟಿ ಬಂದ ಒಂದು ಮೋಟಾರುಸೈಕಲ್ಲನ್ನು ಕೊಂಡೆವು. ಪೆಟ್ರೋಲಿನ ಟ್ಯಾಂಕು ಕನ್ನಡಿಯಂತೆ ಹೊಳೆಯುತ್ತಿದ್ದಿತು. ಪಾಠಶಾಲೆಯ ಮುಂದೆ ಅದನ್ನು ನಿಲ್ಲಿಸಿದಾಗ ಹುಡುಗರೆಲ್ಲಾ ಮುತ್ತಿಕೊಳ್ಳುತ್ತಿದ್ದರು. ನಮಗೂ ಅದು ಹಿತವಾಗಿಯೇ ಇದ್ದಿತು. ಒಂದು ಆಷಾಢದ ರಾತ್ರಿ ಮಳೆಯಲ್ಲಿ ನಮ್ಮ ತಂದೆಯವರಿಗೆ ಉಸಿರು ಕಟ್ಟಿಕೊಂಡಿತು. ನಾವು ಎಷ್ಟು ಒದ್ದರೂ ಅದು ಹೊರಡಲಿಲ್ಲ. ಅರ್ಧ ಗಂಟೆ ಒದ್ದೆವು. ಕಡೆಗೆ ನೆರೆಯವರೊಬ್ಬರು ಕಾಯಿ ಹೇರಿ ನಿಲ್ಲಿಸಿದ್ದ ಲಾರಿಯಲ್ಲಿ, ಮುಂದೆ ಕೂರಿಸಿಕೊಂಡು ತುಮಕೂರಿಗೆ ಸೇರಿಸಿದರು. ತಂದೆಯವರು ಆ ಸಲ ಉಳಿದರು. ಅವರು ಅದನ್ನು ಒಂದು ಬಾರಿಯೂ ಆಡಿ ತೋರಿಸಲಿಲ್ಲ. ಆದರೆ ಮಳೆಯ ಸದ್ದಿನ ನಡುವೆ ಒಳಗಿನಿಂದ ಕೇಳಿಬರುತ್ತಿದ್ದ ಆ ಏದುಸಿರು ಇಂದಿಗೂ ನಮ್ಮ ಕಿವಿಯಲ್ಲಿದೆ. ತಪ್ಪು ಆ ಯಂತ್ರದ್ದಲ್ಲ. ಹೊಳಪನ್ನು ನೋಡಿ ಕೊಂಡು, ಒಳಗನ್ನು ನೋಡದೆ ಇಟ್ಟುಕೊಂಡ ನಮ್ಮದು.

ಈ ನೆನಪಿನ ಭಾರದಿಂದ ನಾವು ಶಿಷ್ಯನಿಗೆ, "ಬೇಡಪ್ಪ, ಇದು ಸಂಸಾರಸ್ಥನಿಗೆ ಸಲ್ಲದ ಹುಚ್ಚು" ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟೆವು. ಆತನು "ಆಗಲಿ ಮೇಷ್ಟ್ರೇ" ಎಂದು ಎದ್ದುಹೋದನು.

ಸಂಜೆ ಆತನ ತಾಯಿಯೇ ಬಂದರು. ಮೊಣಕಾಲಿನ ನೋವಿನಿಂದ ನಮ್ಮ ಮೂರು ಮೆಟ್ಟಿಲನ್ನು ಹತ್ತುವುದಕ್ಕೇ ಅವರಿಗೆ ಕಷ್ಟವಾಯಿತು. ತಿಂಗಳಿಗೆ ಎರಡು ಬಾರಿ ಚಿಕಿತ್ಸೆಗಾಗಿ ಅವರು ತುಮಕೂರಿಗೆ ಹೋಗತಕ್ಕವರು. ನಮ್ಮ ಮಾತಿಗೆ ಕೃತಜ್ಞತೆ ಹೇಳಲು ಬಂದಿರಬಹುದೆಂದು ನಾವು ಭಾವಿಸಿದೆವು. ಅವರು ಹೇಳಿದುದು ಬೇರೆ.

"ಮೇಷ್ಟ್ರೇ, ಬೇಡ ಅಂತ ಹೇಳಿಸೋದಕ್ಕೆ ನಾನು ಅವನನ್ನ ಕಳಿಸಲಿಲ್ಲ. ಅವರಪ್ಪ ಒಂದು ಹೊಸ ಸೈಕಲ್ಲು ತಗೋಬೇಕು, ತಗೋಬೇಕು ಅಂತಲೇ ಇದ್ದರು. ಈ ವರ್ಷ ಕೊಬ್ಬರಿ ರೇಟಿಲ್ಲ, ಬರೋ ವರ್ಷ ನೋಡೋಣ ಅಂತ ಮುಂದಕ್ಕೆ ಹಾಕಿಕೊಂಡೇ ಹೋಗಿಬಿಟ್ಟರು. ಇವನೂ ಹಾಗೇ ಆಗೋದು ಬೇಡ. ತಗೊಳ್ಳೋದಾದರೆ ಹೇಗೆ ತಗೋಬೇಕು, ಏನು ನೋಡಬೇಕು, ಅದನ್ನ ಹೇಳಿ."

ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಆಸೆಯನ್ನು ಅದುಮುವುದು ವಿವೇಕವೆಂದು ಬೋಧಿಸುವುದು ಬೋಧಕನಿಗೆ ಸುಲಭ. ಮುಂದಕ್ಕೆ ಹಾಕಿದ ಆಸೆಯು ಒಬ್ಬ ಮನುಷ್ಯನೊಡನೆಯೇ ಬೂದಿಯಾದುದನ್ನು ಕಂಡವರಿಗೆ ಆ ಬೋಧೆಯು ರುಚಿಸದು. ಮಾರನೆಯ ದಿನ ಶಿಷ್ಯನನ್ನು ಕರೆಸಿ, ಕಾಗದ ಲೇಖನಿಗಳನ್ನು ತೆಗೆದುಕೊಂಡು ಕುಳಿತೆವು.

ಯೋಗಕ್ಷೇಮವೆಂಬ ಮಾತನ್ನು ನಾವು ಪತ್ರದ ಮೊದಲ ಸಾಲಿನಲ್ಲಿ ಬರೆದು ಮರೆಯುತ್ತೇವೆ. ಅದರಲ್ಲಿ ಎರಡು ಪದಗಳಿವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಹಳೆಯ ವಾಹನದ ವ್ಯಾಪಾರದಲ್ಲಿ ಜನರು ಯೋಗವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಮೂರೂವರೆ ಲಕ್ಷವೆಂಬುದು ಯೋಗದ ಬೆಲೆ; ಕ್ಷೇಮದ ಬೆಲೆಯು ಚೀಟಿಯ ಮೇಲೆ ಬರೆದಿರುವುದಿಲ್ಲ. ಗುಬ್ಬಿಯ ತೇರನ್ನೇ ನೋಡಿ. ಎಳೆಯುವುದು ಒಂದು ದಿನ. ಅದಕ್ಕಾಗಿ ಗಾಲಿ ಅಚ್ಚುಗಳನ್ನು ನೋಡುವವರು, ಹಗ್ಗ ಹೊಸೆಯುವವರು, ಗಾಲಿಗೆ ಮರದ ತಡೆ ಕೊಡುವವರು, ವರ್ಷದ ಉಳಿದ ದಿನಗಳಲ್ಲಿ ಬಿಸಿಲುಮಳೆಗಳಿಂದ ಅದನ್ನು ಕಾಯುವವರು ಬೇಕು. ಪುಷ್ಯರಥದ ಸ್ವಭಾವವೇ ಇದು. ನಿತ್ಯವೂ ಹೂಡಬೇಕೆಂದರೆ ನಿತ್ಯವೂ ಅಷ್ಟು ಆರೈಕೆ ನಡೆಯಬೇಕು.

ಆದುದರಿಂದ ನಾವು ಬರೆದ ಮೊದಲ ಪ್ರಶ್ನೆ, ಕಾರು ಎಲ್ಲಿ ನಿಲ್ಲುವುದು? ಶಿಷ್ಯನ ಮನೆಯಂಗಳದಲ್ಲಿ ತೆಂಗಿನ ಮರಗಳಲ್ಲದೆ ಬೇರೆ ನೆರಳಿಲ್ಲ. ಉಕ್ಕಿನ ಚಾವಣಿಯ ಮೇಲೆ ಕಾಯಿ ಬಿದ್ದರೆ ತಗ್ಗಾದೀತು. ಬಟ್ಟೆಯ ಮೇಲೆ ಬಿದ್ದರೆ ಕಾಯಿಯು ಆಸನದಲ್ಲಿಯೇ ಕುಳಿತಿರುವುದು. ಬೇಸಿಗೆಯ ಬಿಸಿಲು ಬಟ್ಟೆಯನ್ನೂ ಹೊಲಿಗೆಯನ್ನೂ ರಬ್ಬರಿನ ಅಂಚುಗಳನ್ನೂ ಒಣಗಿಸುತ್ತದೆ. ಹಿಂದಿನ ಪಾರದರ್ಶಕ ಹಾಳೆಯು ಹಳದಿಯಾಗಿ ಮಸುಕಾಗುತ್ತದೆ. ಕೋತಿ, ಇಲಿ, ಬೆಕ್ಕುಗಳಿಗೆ ಬಟ್ಟೆಯ ಹುಡ್ಡೆಂದರೆ ಹಾಸಿಗೆಯೇ ಸರಿ. ಗೋಡೆಯುಳ್ಳ ಕೊಟ್ಟಿಗೆಯನ್ನು ಕಟ್ಟಿಸದೆ ಇಂತಹ ಕಾರನ್ನು ತರತಕ್ಕದ್ದಲ್ಲ. ಆ ಖರ್ಚನ್ನು ಕಾರಿನ ಬೆಲೆಗೆ ಕೂಡಿಸತಕ್ಕದ್ದು.

ಎರಡನೆಯದು, ದಾರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ರಸ್ತೆಯ ಗುಂಡನೆಯ ಉಬ್ಬು ೧೦ ಸೆಂಟಿಮೀಟರು ಎತ್ತರ, ೩.೭ ಮೀಟರು ಅಗಲವಿದ್ದು, ನಿಧಾನವಾಗಿ ಏರಿಳಿಯಬೇಕು. ಊರೂರಿನ ಬೀದಿಗಳಲ್ಲಿ ಜನರು ತಾವೇ ಹಾಕಿಕೊಂಡ ಉಬ್ಬುಗಳು ಈ ನಿಯಮವನ್ನು ಓದಿಲ್ಲ. ಆಟದ ಕಾರುಗಳ ಹೊಟ್ಟೆಗೂ ನೆಲಕ್ಕೂ ನಾಲ್ಕೈದು ಅಂಗುಲದ ಅಂತರವಿದ್ದರೆ ಹೆಚ್ಚು. ಹೆದ್ದಾರಿಯಲ್ಲಿಯಾದರೋ ಪಕ್ಕದ ಲಾರಿಯ ಗಾಲಿಯ ಅಚ್ಚು ಕುಳಿತವನ ಕಣ್ಣಿನ ಎತ್ತರಕ್ಕೆ ಬರುತ್ತದೆ. ಅದರ ಹೊಗೆಯೂ ಧೂಳೂ ನೇರವಾಗಿ ಮುಖಕ್ಕೇ.

ಮೂರನೆಯದು, ಎಣ್ಣೆ. ೨೦೨೩ನೆಯ ಫೆಬ್ರವರಿ ೬ರಂದು ನಮ್ಮ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರು ಕಾರ್ಖಾನೆಯು ಉದ್ಘಾಟನೆಯಾಯಿತಷ್ಟೆ. ಅದೇ ದಿನ ಬೆಂಗಳೂರಿನಲ್ಲಿ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟವೂ ಆರಂಭವಾಯಿತು. ೨೦೨೫ರ ಹೊತ್ತಿಗೆ ಆ ಬೆರಕೆಯು ದೇಶದ ಬಂಕುಗಳಲ್ಲೆಲ್ಲಾ ರೂಢಿಗೆ ಬಂದಿತು. ಈ ಎಣ್ಣೆಗೆಂದು ಮಾಡಿರದ ಹಳೆಯ ಕಾರುಗಳಲ್ಲಿ ಎಥನಾಲು ರಬ್ಬರಿನ ಕೊಳವೆಗಳನ್ನೂ ಬಿರಡೆಗಳನ್ನೂ ಮೆದುವಾಗಿಸಿ ಬಿರಿಯುವಂತೆ ಮಾಡಬಲ್ಲದು. ಅಲ್ಲದೆ ಅದು ಗಾಳಿಯ ನೀರನ್ನು ಹೀರಿಕೊಳ್ಳುವುದರಿಂದ, ಬಹುದಿನ ನಿಂತ ಕಾರಿನ ಟ್ಯಾಂಕಿನಲ್ಲಿ ತುಕ್ಕಿಗೆ ದಾರಿಯಾಗುತ್ತದೆ. ಇಂತಹ ಕಾರನ್ನು ಕೊಳ್ಳುವವನು ಎಣ್ಣೆಯ ಕೊಳವೆಗಳನ್ನು ಮೊದಲ ವಾರದಲ್ಲಿಯೇ ಬದಲಾಯಿಸುವುದು ಮೇಲು.

ನಾಲ್ಕನೆಯದು, ಬಿಡಿಭಾಗ. ಸ್ಟಾರ್ಮ್ ಕಾರಿನ ಎಂಜಿನು ರೆನೊದವರ ಟ್ವಿಂಗೊ, ಕ್ಲಿಯೊ ಎಂಬ ಕಾರುಗಳಲ್ಲಿಯೂ ಇದ್ದುದರಿಂದ ಅದರ ಭಾಗಗಳನ್ನು ಹೊರದೇಶದಿಂದ ತರಿಸಲು ಅವಕಾಶವುಂಟು. ಮುಂದಿನ ಗಾಜು, ದೀಪ, ಹುಡ್ಡಿನ ಕಡ್ಡಿಗಳು ಒಡೆದರೆ ಹುಡುಕಿ ಅಲೆಯಬೇಕು, ಇಲ್ಲವೆ ಕೈಯಲ್ಲಿ ಮಾಡಿಸಬೇಕು. ಫೈಬರಿನ ಮೈಗೆ ತುಕ್ಕಿನ ಭಯವಿಲ್ಲವೆಂಬುದು ದೊಡ್ಡ ಲಾಭ. ಆದರೆ ಅದು ತಗ್ಗಾಗುವುದಿಲ್ಲ, ಬಿರುಕು ಬಿಡುತ್ತದೆ. ಒಂದು ಗಾಜಿಗಾಗಿ ಕಾರು ತಿಂಗಳುಗಟ್ಟಲೆ ನಿಲ್ಲಬಹುದು. ಆ ತಿಂಗಳಲ್ಲಿ ಕಾರ್ಖಾನೆಗೆ ಹೋಗುವುದು ಹೇಗೆ, ತಾಯಿಯನ್ನು ತುಮಕೂರಿಗೆ ಕರೆದೊಯ್ಯುವುದು ಹೇಗೆ ಎಂದು ಬರೆದು ಅದರ ಮುಂದೆ ಜಾಗವನ್ನು ಬಿಟ್ಟೆವು. ಶಿಷ್ಯನು ಆ ಜಾಗವನ್ನು ತುಂಬಲಿಲ್ಲ. ಆದರೂ, "ಕಣ್ಣಾರೆ ನೋಡಿಯೇ ಬಿಡೋಣ ಮೇಷ್ಟ್ರೇ" ಎಂದನು. ನೋಡದೆ ಬಿಟ್ಟ ಆಸೆಯು ಮನಸ್ಸಿನಲ್ಲಿ ಬೆಳೆಯುತ್ತದೆ. ಆದಕಾರಣ ನಾವೂ ಒಪ್ಪಿದೆವು.

ಮುಂದಿನ ಭಾನುವಾರ ಬೆಳಗಿನ ರೈಲಿನಲ್ಲಿ ಶಿಷ್ಯ, ಆತನ ತಾಯಿ, ನಾವು ಮೂವರೂ ಬೆಂಗಳೂರಿಗೆ ಹೋದೆವು. ಮಾರುವವರು ವಿಶ್ರಾಂತ ಎಂಜಿನಿಯರು, ಸರಳ ಮನುಷ್ಯರು. ಕಾರನ್ನು ನೋಡಿದಾಗ ನಮ್ಮ ಮನಸ್ಸೂ ಒಂದು ಕ್ಷಣ ಇಪ್ಪತ್ತೆಂಟರ ವಯಸ್ಸಿಗೆ ಹೋಯಿತೆಂಬುದನ್ನು ಮರೆಮಾಚಲಾರೆವು.

ಪರೀಕ್ಷೆಯ ಕ್ರಮವನ್ನು ಗೃಹಸ್ಥರ ಉಪಯೋಗಕ್ಕಾಗಿ ಹೇಳುತ್ತೇವೆ. ಎಂಜಿನು ತಣ್ಣಗಿರುವಾಗಲೇ ಹೋಗಿ ಮುಟ್ಟಿ ನೋಡತಕ್ಕದ್ದು. ಮೊದಲೇ ಬಿಸಿಮಾಡಿಟ್ಟ ಎಂಜಿನು ತನ್ನ ದೋಷವನ್ನು ಹೇಳುವುದಿಲ್ಲ. ಹುಡ್ಡನ್ನು ನಮ್ಮ ಕೈಯಿಂದಲೇ ಎರಡು ಮೂರು ಸಲ ತೆರೆದು ಮುಚ್ಚಬೇಕು; ಮಡಿಕೆಯ ಜಾಗದಲ್ಲಿ ಬಟ್ಟೆ ಸವೆದಿದೆಯೆ, ಹೊಲಿಗೆ ಬಿಟ್ಟಿದೆಯೆ ಎಂದು ಬೆಳಕಿಗೆ ಹಿಡಿದು ನೋಡಬೇಕು. ಮುಚ್ಚಿದ ಮೇಲೆ ಎರಡು ಬಿಂದಿಗೆ ನೀರನ್ನು ನಿಧಾನವಾಗಿ ಹೊಯ್ಯಿಸಿ ಒಳಗೆ ಕುಳಿತು ನೋಡಬೇಕು. ಮಳೆಯ ನೀರು ಹೊರಹೋಗಲೆಂದು ಇಂತಹ ಕಾರುಗಳಲ್ಲಿ ಸಣ್ಣ ರಂಧ್ರಗಳಿರುತ್ತವೆ. ಎಲೆ ಕಸಗಳಿಂದ ಅವು ಕಟ್ಟಿಕೊಂಡರೆ ನೀರು ಆಸನದ ಕೆಳಗೆ ಸೇರಿ ತಂತಿಗಳನ್ನು ಕೊಳೆಸುತ್ತದೆ. ನೆಲಹಾಸನ್ನು ಎತ್ತಿ ಕೆಳಗೆ ಕೈಯಿಟ್ಟು ಮೂಸಿ ನೋಡಿರಿ. ಕಣ್ಣಿಗೆ ಬಣ್ಣ ಬಳಿಯಬಹುದು, ಮೂಗಿಗೆ ಬಳಿಯಲಾಗುವುದಿಲ್ಲ.

ಮೈಯ ಬಿಗಿಯನ್ನು ತಿಳಿಯಲು ಶಿಷ್ಯನು ಒಂದು ಉಪಾಯವನ್ನು ಮಾಡಿದನು. ಒಂದು ಗಾಲಿಯನ್ನು ಜಾಕಿನಿಂದ ಎತ್ತಿ, ಬಾಗಿಲನ್ನು ತೆರೆದು ಮುಚ್ಚಿ ನೋಡಿದನು. ತಿರುಚಿಕೊಂಡ ಮೈಯಾದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ೨೩೧೯ ಎಂದಿದ್ದರೆ ೨೦೧೯ನೆಯ ವರ್ಷದ ೨೩ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಕಡಿಮೆ ಓಡಿದ ಕಾರಿನ ಟೈರು ಸವೆಯದಿದ್ದರೂ ಮುಪ್ಪಾಗಿರುತ್ತದೆ. ಐದಾರು ವರ್ಷ ಮೀರಿದ್ದರೆ ಹೊಸ ನಾಲ್ಕರ ಬೆಲೆಯನ್ನು ವ್ಯಾಪಾರದಲ್ಲಿ ಕಳೆಯತಕ್ಕದ್ದು.

ಇನ್ನು ಕಾಗದಪತ್ರ. ನೋಂದಣಿ ಪತ್ರದಲ್ಲಿರುವ ಚಾಸಿ, ಎಂಜಿನುಗಳ ಸಂಖ್ಯೆಗಳು ಲೋಹದ ಮೇಲಿನ ಸಂಖ್ಯೆಗಳಿಗೆ ಸರಿಹೊಂದಬೇಕು. ಸಾಲವಿದ್ದು ತೀರಿದ್ದರೆ ನಮೂನೆ ೩೫ರ ಮೂಲಕ ಅಡಮಾನವು ರದ್ದಾಗಿರಬೇಕು. ವರ್ಗಾವಣೆಗೆ ನಮೂನೆ ೨೯ ಮತ್ತು ೩೦; ಹೊರರಾಜ್ಯದ ವಾಹನಕ್ಕೆ ನಮೂನೆ ೨೮ರ ನಿರಾಕ್ಷೇಪಣ ಪತ್ರ, ಮೇಲೆ ಇಲ್ಲಿಯ ಜೀವಾವಧಿ ತೆರಿಗೆ. ರಾಜ್ಯದೊಳಗಿನ ವ್ಯಾಪಾರವನ್ನು ಮಾರಿದವನು ೧೪ ದಿನಗಳೊಳಗೂ ಕೊಂಡವನು ೩೦ ದಿನಗಳೊಳಗೂ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು ೧೪ ದಿನಗಳೊಳಗೆ ಅರ್ಜಿ ಹಾಕಬೇಕು. ಖಾಸಗಿ ಕಾರಿನ ನೋಂದಣಿಯು ೧೫ ವರ್ಷಗಳಿಗೆ. ಅನಂತರ ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಗಳಿಗೆ ಮುಂದುವರಿಸಿಕೊಳ್ಳಬೇಕು. ತಯಾರಿಕೆಯು ನಿಂತುಹೋದ ಕಾರಿನಲ್ಲಿ ಈ ಒಂದು ಸಾಲನ್ನು ಎರಡು ಸಲ ಓದಬೇಕು.

ಆ ಕಾರು ಎಲ್ಲ ಪರೀಕ್ಷೆಗಳಲ್ಲಿಯೂ ಚೆನ್ನಾಗಿಯೇ ತೇರ್ಗಡೆಯಾಯಿತು. ಟೈರು ಹಳೆಯದು, ಎಡಗಡೆಯ ಹೊಲಿಗೆ ಒಂದಿಷ್ಟು ಬಿಟ್ಟಿದ್ದಿತು, ಅಷ್ಟೇ.

ಆಮೇಲೆ ಶಿಷ್ಯನು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹುಡ್ಡನ್ನು ಮಡಿಸಿ, ಆ ಬಡಾವಣೆಯನ್ನು ಒಂದು ಸುತ್ತು ಹಾಕಿದನು. ಹಿಂದಿರುಗಿದಾಗ ಆಕೆ ಸೆರಗನ್ನು ತಲೆಯ ಮೇಲೆ ಹಿಡಿದುಕೊಂಡು ಚಿಕ್ಕ ಹುಡುಗಿಯಂತೆ ನಗುತ್ತಿದ್ದರು. "ಮರಗಳೆಲ್ಲಾ ಮೇಲಿಂದ ಹೋಗ್ತವೆ ಮೇಷ್ಟ್ರೇ!" ಎಂದರು. ಬಾಗಿಲು ತೆರೆಯಿತು. ಆಕೆ ಏಳಲು ನೋಡಿದರು, ಆಗಲಿಲ್ಲ. ಆಸನವು ನೆಲಕ್ಕೆ ಅಷ್ಟು ಹತ್ತಿರ. ಇನ್ನೊಮ್ಮೆ ಪ್ರಯತ್ನಿಸಿದರು. ಶಿಷ್ಯನು ಇಳಿದು ಬಂದು ಎರಡೂ ತೋಳುಗಳನ್ನು ಹಿ��ಿದು ಎತ್ತಿ ನಿಲ್ಲಿಸಿದನು. ನೋವನ್ನು ಆಕೆ ತುಟಿ ಕಚ್ಚಿ ಮುಚ್ಚಿಕೊಂಡರು. ಆತನು ಅದನ್ನು ನೋಡಿದನು. ಯಾರೂ ಏನೂ ಹೇಳಲಿಲ್ಲ.

ನಾವು ಮಾರುವವರನ್ನು, "ತಾವು ಇದನ್ನು ದಿನವೂ ಓಡಿಸುತ್ತಿದ್ದಿರೊ?" ಎಂದು ಕೇಳಿದೆವು. ಅವರು ನಕ್ಕು, "ಇಲ್ಲ ಸ್ವಾಮಿ. ದಿನಬಳಕೆಗೆ ಬೇರೆ ಕಾರಿದೆ. ಇದನ್ನು ತಿಂಗಳಿಗೆ ಎರಡು ಸಲ, ಬೆಳಗಿನ ಜಾವ ಓಡಿಸುತ್ತಿದ್ದೆ. ಅದಕ್ಕೇ ಇಷ್ಟು ಚೆನ್ನಾಗಿದೆ" ಎಂದರು. ಇಡೀ ದಿನದ ಪರೀಕ್ಷೆಯಲ್ಲಿ ಇದಕ್ಕಿಂತ ಹೆಚ್ಚು ಬೆಲೆಯುಳ್ಳ ಮಾತು ನಮಗೆ ದೊರೆಯಲಿಲ್ಲ. ಹಳೆಯ ವಾಹನವನ್ನು ಕೊಳ್ಳುವವರು ವಾಹನದ ವಿಷಯವಾಗಿ ಹತ್ತು ಪ್ರಶ್ನೆ ಕೇಳಿದರೆ ಅದನ್ನು ಇಟ್ಟುಕೊಂಡಿದ್ದವರ ದಿನಚರಿಯ ವಿಷಯವಾಗಿ ಇಪ್ಪತ್ತು ಕೇಳಬೇಕು.

ರೈಲಿನಲ್ಲಿ ಹಿಂದಿರುಗುವಾಗ ಶಿಷ್ಯನು ಮೌನವಾಗಿದ್ದನು. ನಾವೂ ಮಾತನಾಡಿಸಲಿಲ್ಲ. ಗುಬ್ಬಿಯನ್ನು ದಾಟಿದ ಮೇಲೆ ಆತನಾಗಿಯೇ, ಕಾರ್ತಿಕದ ಹೊತ್ತಿಗೆ ಮನೆಗೆ ಮಗು ಬರುವುದೆಂಬ ಸಂಗತಿಯನ್ನು ತಿಳಿಸಿದನು. ಎರಡು ಆಸನಗಳು, ನಾಲ್ಕು ಜನ. ಲೆಕ್ಕವನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಇದರಿಂದ ತೆರೆದ ಕಾರನ್ನು ಯಾರೂ ನಿತ್ಯದ ಉಪಯೋಗಕ್ಕೆ ಕೊಳ್ಳಬಾರದೆಂದು ವಾಚಕರು ತಿಳಿಯಬಾರದು. ಒಂಟಿಯಾಗಿಯೋ ಇಬ್ಬರಾಗಿಯೋ ಇರುವವರು, ಗೋಡೆಯುಳ್ಳ ಕೊಟ್ಟಿಗೆಯುಳ್ಳವರು, ದಾರಿ ಹತ್ತಿರವೂ ನಯವೂ ಆಗಿರುವವರು, ಕೆಟ್ಟ ದಿನ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೋಗಲು ಅನುಕೂಲವಿರುವವರು ಸಂತೋಷವಾಗಿ ಕೊಳ್ಳಬಹುದು. ಬೆಲೆಯ ಐದನೆಯ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ತೆಗೆದಿಟ್ಟಿದ್ದರೆ ಸಾಕು. ಸಂಸಾರವೂ ಬೇಕು, ಆಕಾಶವೂ ಬೇಕು ಎನ್ನುವವರಿಗೆ ೧೯೮೫ರಲ್ಲಿ ಬಂದ ಮಾರುತಿ ಜಿಪ್ಸಿಯೋ, ೨೦೨೦ರಲ್ಲಿ ಹೊಸ ರೂಪದಲ್ಲಿ ಬಂದ ಮಹೀಂದ್ರ ಥಾರಿನ ಬಟ್ಟೆಯ ಹುಡ್ಡಿನದೋ ಉಂಟು. ಅವು ಎತ್ತರವಾಗಿರುವುದರಿಂದ ಉಬ್ಬುಗಳಿಗೆ ಹೆದರುವುದಿಲ್ಲ. ಆದರೆ ತಗ್ಗಿನಿಂದ ಏಳಲಾರದ ಮೊಣಕಾಲು ಆ ಎತ್ತರವನ್ನೂ ಹತ್ತಲಾರದು. ನಿತ್ಯದ ವಾಹನವನ್ನು ಅತ್ಯಂತ ಒಳ್ಳೆಯ ದಿನವನ್ನು ನೆನೆದು ಆರಿಸತಕ್ಕದ್ದಲ್ಲ. ಅತ್ಯಂತ ಕೆಟ್ಟ ದಿನವನ್ನೂ, ಆ ದಿನ ಅದರಲ್ಲಿ ಕೂರಬೇಕಾದವರ ದೇಹವನ್ನೂ ನೆನೆದು ಆರಿಸತಕ್ಕದ್ದು.

ಒಂದು ವಾರದ ಮೇಲೆ ಶಿಷ್ಯನು ತುಮಕೂರಿನಲ್ಲಿ, ಒಬ್ಬ ವಿಶ್ರಾಂತ ಉಪಾಧ್ಯಾಯರ ಕೈಯಲ್ಲಿದ್ದ, ಏಳು ವರ್ಷದ, ನಾಲ್ಕು ಬಾಗಿಲಿನ ಒಂದು ಚಿಕ್ಕ ಮುಚ್ಚಿದ ಕಾರನ್ನು ಕೊಂಡನು. ಬಣ್ಣವು ಬೂದಿ. ಅದನ್ನು ನಿಂತು ನೋಡುವವರು ಯಾರೂ ಇಲ್ಲ. ಆತನ ತಾಯಿಯು ತಾವಾಗಿಯೇ ಅದರಲ್ಲಿ ಕೂರುತ್ತಾರೆ, ತಾವಾಗಿಯೇ ಇಳಿಯುತ್ತಾರೆ.

ಆದರೆ ಸಂಗತಿಯು ಅಲ್ಲಿಗೇ ಮುಗಿಯಲಿಲ್ಲ. ಮೊನ್ನೆ ಆಕೆ ನಮ್ಮ ಮನೆಯಾಕೆಗೆ ಒಂದು ಅಂಚೆ ಕಚೇರಿಯ ಪಾಸು ಪುಸ್ತಕವನ್ನು ತೋರಿಸಿದರಂತೆ. ಐದು ವರ್ಷಗಳ ಆವರ್ತ ಠೇವಣಿ. ಮೊದಲ ಕಂತು ಕೊಬ್ಬರಿಯ ಹಣದಿಂದ ಕಟ್ಟಿದುದು. ಮಗನಿಗೆ ಇನ್ನೂ ಹೇಳಿಲ್ಲ. "ಇವನದು ಮುಂದಕ್ಕೆ ಹೋಗಿರೋದು ನಿಜ, ಆದರೆ ತಾರೀಖು ಹಾಕಿ ಮುಂದಕ್ಕೆ ಹಾಕಿದ್ದೀನಿ" ಎಂದರಂತೆ.

ನಾವು ಮೂವತ್ತೈದು ವರ್ಷ ಪಾಠ ಹೇಳಿದವರು. "ಬೇಡ" ಎಂಬುದಕ್ಕೂ "ಈಗ ಬೇಡ" ಎಂಬುದಕ್ಕೂ ಇರುವ ಅಂತರವನ್ನು ಆ ತಾಯಿಯಿಂದ ಕಲಿಯಬೇಕಾಯಿತು.